ಇಸಿಲದ ಬಂಡೆಯೂ ಆತ್ಮಪ್ರತ್ಯವೇಕ್ಷೆಯೂ

ಚಿತ್ರದುರ್ಗದ ಸೀಮೆಯಲ್ಲಿ ಓದಲು ದೊರೆತಿರುವ ಬರೆಹಗಳೊಳಗೆ ಅತಿ ಪ್ರಾಚೀನವಾದುವು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿರುವ ಅಶೋಕನ ಶಾಸನಗಳೆಂಬುದು ಸರ್ವವಿದಿತವಾದ ಸಂಗತಿ. ರಾಜ್ಯಭಾರದ ಚರಿತ್ರೆಗಾಗಿಯೂ, ಲಿಪಿಯ ಚರಿತ್ರೆಗಾಗಿಯೂ, ಮೌರ್ಯರ ದಕ್ಷಿಣದ ಎಲ್ಲೆಯನ್ನು ಗೊತ್ತುಮಾಡುವುದಕ್ಕಾಗಿಯೂ ವಿದ್ವಾಂಸರು ಇವುಗಳನ್ನು ಬೇಕಾದಷ್ಟು ವಿಮರ್ಶಿಸಿರುತ್ತಾರೆ. ಮನುಷ್ಯನು ತನ್ನೊಳಗೆ ತಾನು ಆಡಿಕೊಳ್ಳುವ ಮಾತಿನ ಚರಿತ್ರೆಗೂ ಇವು ಆಕರಗಳಾಗಬಲ್ಲವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಈ ಆಲೋಚನೆಯು ನನಗೆ ಗ್ರಂಥಭಾಂಡಾರದಲ್ಲಿ ಹುಟ್ಟಿದುದಲ್ಲ. ಕೆಲವು ವರ್ಷಗಳ ಹಿಂದೆ ಅದೇ ಜಿಲ್ಲೆಯ ದಕ್ಷಿಣಭಾಗದಲ್ಲಿ, ಹಿರಿಯೂರು ಸೀಮೆಯ ಯಲ್ಲದಕೆರೆಯಲ್ಲಿ, ಭಾರತವಾಚನದ ಸಂದರ್ಭದಲ್ಲಿ ಗೀತೆಯ ದ್ವಿತೀಯಾಧ್ಯಾಯವನ್ನು ಕುರಿತು ನಾಲ್ಕು ಮಾತನಾಡುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ವಿಷಯಧ್ಯಾನದಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಕ್ರೋಧದಿಂದ ಸಂಮೋಹ, ಅದರಿಂದ ಸ್ಮೃತಿಭ್ರಂಶ, ಬುದ್ಧಿನಾಶ ಎಂಬ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ಹೇಳಿ, ಚೆನ್ನಾಗಿ ಹೇಳಿದೆನೆಂಬ ತೃಪ್ತಿಯಿಂದ ಪುಸ್ತಕವನ್ನು ಮಡಿಚುತ್ತಿದ್ದೆ. ಮುಂದುಗಡೆ ಕುಳಿತಿದ್ದ ವೃದ್ಧ ರೈತರೊಬ್ಬರು ಎದ್ದುನಿಂತು ಕೇಳಿದರು: “ಸ್ವಾಮೀ, ಸಿಟ್ಟು ಮಾಡ್ಕೋಬಾರ್ದು ಅಂಬೋದು ತಿಳೀತು. ಬಂದುಬಿಟ್ಟಾಗ ಮನಸಿನಾಗೆ ಏನಂತ ಅಂದ್ಕೋಬೇಕು? ಆ ಮಾತು ಹೇಳಿಕೊಡ್ರಿ.”

ನಾನು, ಏನೂ ಅಂದುಕೊಳ್ಳಬಾರದು, ಚಿತ್ತವೃತ್ತಿಗಳ ನಿರೋಧವೆಂದರೆ ಅದೇ, ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ಅವರು ಕೈಮುಗಿದು ಕುಳಿತರು. ಸಭೆಯಲ್ಲಿ ಒಂದಿಬ್ಬರು ನಕ್ಕರು. ಕ್ರೋಧವನ್ನು ಕುರಿತು ಒಂದು ಗಂಟೆ ಉಪನ್ಯಾಸಮಾಡಿದವನು ಒಂದು ಪ್ರಶ್ನೆಯನ್ನು ಕ್ರೋಧದಿಂದ ಬಾಯಿಮುಚ್ಚಿಸಿದನಷ್ಟೆ ಎಂಬುದು ನನಗೆ ಹಿಂದಿರುಗುವ ದಾರಿಯಲ್ಲಿ ಹೊಳೆಯಿತು. ಅದಕ್ಕಿಂತಲೂ ನಾಚಿಕೆಯನ್ನುಂಟುಮಾಡಿದ ಸಂಗತಿಯೆಂದರೆ, ನನ್ನ ಉತ್ತರವು ನಾನು ಓದಿದ ಶಾಸ್ತ್ರಕ್ಕೇ ವಿರುದ್ಧವಾಗಿತ್ತು. ಯೋಗಸೂತ್ರದ ಎರಡನೆಯ ಪಾದದಲ್ಲಿ, ಹಿಂಸಾದಿ ವಿತರ್ಕಗಳು ಬಾಧಿಸುವಾಗ ಪ್ರತಿಪಕ್ಷಭಾವನೆಯನ್ನು ಮಾಡಬೇಕೆಂದು ಪತಂಜಲಿಯೇ ವಿಧಿಸಿರುತ್ತಾನೆ. ಸೂತ್ರವು ಹಾಗೆಂದು ವಿಧಿಸಿ ಸುಮ್ಮನಾಗುತ್ತದೆ. ವ್ಯಾಸಭಾಷ್ಯವು ಆಗ ಯೋಗಿಯು ತನ್ನೊಳಗೆ ಆಡಿಕೊಳ್ಳಬೇಕಾದ ಮಾತನ್ನೇ ಉತ್ತಮಪುರುಷದಲ್ಲಿ ಒದಗಿಸುತ್ತದೆ. ಪಾಠಶಾಲೆಯಲ್ಲಿ ಆ ಪಂಕ್ತಿಯನ್ನು ನಾನು ಕಂಠಪಾಠಮಾಡಿದ್ದೆ. ಅದೊಂದು ಪ್ರಯೋಗಿಸತಕ್ಕ ಮಾತೆಂದು ಮಾತ್ರ ನನಗೆ ಎಂದೂ ತೋರಿರಲಿಲ್ಲ.

ಆ ರೈತರ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಬರೆಹಗಳನ್ನು ಮತ್ತೆ ಓದಲಾರಂಭಿಸಿದಾಗ, ಬ್ರಹ್ಮಗಿರಿಯ ಶಾಸನವು ನನಗೆ ಬೇರೊಂದು ರೀತಿಯಾಗಿ ಕಾಣಿಸಿತು.

ಬ್ರಹ್ಮಗಿರಿಯ ಬಳಿಯಿರುವ ಈ ಬಂಡೆಗೆ ಊರವರು ಅಕ್ಷರಗುಂಡು ಎಂದು ಹೆಸರಿಟ್ಟಿದ್ದರು. ಬಿ. ಎಲ್. ರೈಸ್ ಅವರು ಇದನ್ನೂ ಇದರ ನೆರೆಯ ಎರಡನ್ನೂ ೧೮೯೨ರಲ್ಲಿ ಬೆಳಕಿಗೆ ತಂದರು. ಬ್ಯೂಲರ್ ಪಂಡಿತನು ಇವುಗಳನ್ನು ಸಂಪಾದಿಸಿದನು. ೧೯೨೫ರಲ್ಲಿ ಹುಲ್ಟ್ಷ್ ಪಂಡಿತನ ಸಂಪುಟದಲ್ಲಿ ಪಾಠಗಳು ಒಂದು ನೆಲೆಗೆ ಬಂದುವು. ಶಾಸನವು ಕಾಗದದಂತೆಯೇ ಆರಂಭವಾಗುತ್ತದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಬಳಿಕ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುತ್ತಾರೆ. (ಈ ಇಸಿಲವೆಂಬ ಹೆಸರು ಕನ್ನಡದ್ದೇ ಎಂದು ಡಿ. ಎಲ್. ನರಸಿಂಹಾಚಾರ್ಯರು ಸೂಚಿಸಿರುವುದನ್ನು ವಾಚಕರು ಬಲ್ಲರು. ಆ ಚರ್ಚೆಯು ಇಲ್ಲಿ ಪ್ರಕೃತವಲ್ಲ.) ಕ್ಷೇಮಸಮಾಚಾರವಾದ ಕೂಡಲೆ ರಾಜನು ಹೇಳುವುದೇನು? ದಂಡವನ್ನಾಗಲಿ ಕಂದಾಯವನ್ನಾಗಲಿ ಕುರಿತು ಅಲ್ಲಿ ಒಂದಕ್ಷರವೂ ಇಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತೆಂದೂ, ಒಂದು ವರ್ಷಕಾಲ ತಾನು ಹೆಚ್ಚಾಗಿ ಪ್ರಯತ್ನಪಡಲಿಲ್ಲವೆಂದೂ, ಸಂಘವನ್ನು ಸಮೀಪಿಸಿದ ಈಚಿನ ಒಂದು ವರ್ಷಕ್ಕೂ ಮೇಲ್ಪಟ್ಟ ಕಾಲದಲ್ಲಿ ಹೆಚ್ಚಾಗಿ ಪ್ರಯತ್ನಪಟ್ಟೆನೆಂದೂ ತಿಳಿಸುತ್ತಾನೆ. ಇದಾದಮೇಲೆಯೇ ಉಪದೇಶವು ಬರುತ್ತದೆ. ಈ ಪ್ರಯತ್ನದ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಸಣ್ಣವನೂ ಪ್ರಯತ್ನದಿಂದ ವಿಪುಲವಾದ ಸ್ವರ್ಗವನ್ನು ಪಡೆಯಬಹುದು, ಎಂಬುದು ಅದರ ತಾತ್ಪರ್ಯ.

ಇಲ್ಲಿ ಎರಡು ಪದಗಳನ್ನು ಗಮನಿಸಬೇಕು. ಮೊದಲನೆಯದು ‘ಪಕಂತೇ’. ಇದು ಪ್ರಕ್ರಮ, ಪರಾಕ್ರಮಗಳ ಜಾತಿಯ ಮಾತು. ಹೆಜ್ಜೆಯಿಡುವುದೆಂಬ ಅರ್ಥವು ಇದರ ಮೂಲದಲ್ಲಿದೆ. ಮನಸ್ಸನ್ನು ತಡೆಯುವುದು, ಕಟ್ಟುವುದು, ಅಡಗಿಸುವುದು ಎಂಬ ನಿರೋಧನಿಗ್ರಹಾದಿ ಶಬ್ದಗಳು ಈ ಶಾಸನದಲ್ಲಿ ಎಲ್ಲಿಯೂ ಕಾಣಬರುವುದಿಲ್ಲ. ಎರಡನೆಯದು ‘ಬಾಢಂ’. ಪಾಠಶಾಲೆಯಲ್ಲಿ ಓದಿದ ನಮಗೆ ಇದು ‘ಆಗಬಹುದು, ಹಾಗೆಯೇ ಸರಿ’ ಎಂಬ ಒಪ್ಪಿಗೆಯ ಮಾತಾಗಿಯೇ ರೂಢಿಯಾಗಿದೆ. ನಾಟಕಗಳಲ್ಲಿ ಪದೇ ಪದೇ ಬರುತ್ತದೆ. ಇಲ್ಲಿ ಅದು ಕ್ರಿಯಾವಿಶೇಷಣ, ಗಾಢವಾಗಿ, ಬಲವಾಗಿ ಎಂದರ್ಥ. ರಾಜನು ತನ್ನ ಎರಡು ಕಾಲಗಳನ್ನೂ ಇದೊಂದೇ ಮಾತಿನಿಂದ ಅಳೆಯುತ್ತಾನೆ. ಆ ವರ್ಷ ಬಾಢವಾಗಿ ಇಲ್ಲ, ಈ ವರ್ಷ ಬಾಢವಾಗಿ ಉಂಟು. ಲೆಕ್ಕದ ಪುಸ್ತಕದಲ್ಲಿ ಎರಡು ಬಾಬುಗಳನ್ನು ಬರೆದಂತಿದೆ. ಮೊದಲನೆಯ ಬಾಬಿಗಾಗಿ ತನ್ನನ್ನು ಬೈದುಕೊಂಡುದೂ ಇಲ್ಲ, ಎರಡನೆಯದಕ್ಕಾಗಿ ಹೊಗಳಿಕೊಂಡುದೂ ಇಲ್ಲ.

ಹೊಗಳಿಕೊಂಡುದು ಇಲ್ಲವೆಂದುದಕ್ಕೆ ಆಕ್ಷೇಪವು ಬರಬಹುದು. ಪ್ರಯತ್ನದ ಫಲವಾಗಿ ಜಂಬೂದ್ವೀಪದಲ್ಲಿ ದೇವತೆಗಳೊಡನೆ ಬೆರೆಯದಿದ್ದ ಜನರು ಬೆರೆತರೆಂದು ಅವನೇ ಹೇಳಿರುವುದು ಆತ್ಮಸ್ತುತಿಯಲ್ಲವೆ? ಆ ವಾಕ್ಯದ ಅರ್ಥವನ್ನು ಕುರಿತು ಬಹಳ ಜಗಳವಿದೆ. ಅದನ್ನು ಹೇಗೆ ಅರ್ಥಮಾಡಿದರೂ ಅದರಲ್ಲಿ ಸ್ವಲ್ಪ ಠೀವಿಯಿರುವುದು ನಿಜ. ಅದಕ್ಕಿಂತಲೂ ಬಲವಾದ ಆಕ್ಷೇಪವೆಂದರೆ, ಇದೆಲ್ಲವೂ ರಾಜನೀತಿಯ ಉಪಾಯ, ದೂರದ ಎಲ್ಲೆಯ ಪ್ರಜೆಗಳನ್ನು ಮೃದುವಾದ ಮಾತುಗಳಿಂದ ಒಲಿಸುವ ಜಾಣತನ, ಎಂಬುದು. ಕಳಿಂಗದ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರೆಂದೂ ಪಶ್ಚಾತ್ತಾಪದಿಂದ ಹೇಳಿಕೊಂಡ ಹದಿಮೂರನೆಯ ಶಿಲಾಶಾಸನದಲ್ಲಿಯೇ ಅಶೋಕನು ಕಾಡಿನ ಜನರಿಗೆ ತನ್ನ ಶಕ್ತಿಯನ್ನು ನೆನಪಿಸಿ ಎಚ್ಚರಿಕೆ ಕೊಟ್ಟಿದ್ದಾನೆ. ಆ ಶಾಸನವನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಕೆತ್ತಿಸಲಿಲ್ಲ. ಪಶ್ಚಾತ್ತಾಪದ ಮಾತು, ನೊಂದವರ ಕಣ್ಣಿಗೆ ಮಾತ್ರ ಬೀಳದಂತೆ ಉಳಿಯಿತು. ಇವನ್ನು ಮರೆಮಾಚಿ ಅಶೋಕನನ್ನು ಋಷಿಯನ್ನಾಗಿ ಮಾಡುವುದು ಚರಿತ್ರಕಾರನಿಗೆ ಯೋಗ್ಯವಲ್ಲ. ಆದರೆ ಉಪಾಯವೆಂದೇ ಇಟ್ಟುಕೊಂಡರೂ ಒಂದು ಪ್ರಶ್ನೆಯು ಉಳಿಯುತ್ತದೆ. ಪ್ರಭಾವವನ್ನು ಬೆಳೆಸಿಕೊಳ್ಳಬೇಕೆನ್ನುವ ಅರಸನು ತಾನು ಒಂದು ವರ್ಷ ಮಂದನಾಗಿದ್ದೆನೆಂದು ಬಂಡೆಯ ಮೇಲೆ ಏಕೆ ಕೆತ್ತಿಸಬೇಕು? ನಮ್ಮ ದೇಶದ ಸಾವಿರಾರು ಪ್ರಶಸ್ತಿಗಳನ್ನು ಓದಿದವರಿಗೆ ಇದರ ವೈಲಕ್ಷಣ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ಬಿರುದುಗಳಿಗೆ ಶಿಲೆ ಸಾಲದಾದ ಅರಸರು ಉಂಟು. ತಮ್ಮ ಆಲಸ್ಯಕ್ಕೆ ಒಂದು ಪಂಕ್ತಿಯನ್ನು ಕೊಟ್ಟವರು ಅಪರೂಪ.

ಬ್ರಹ್ಮಗಿರಿಯ ಶಾಸನವು ಅಶೋಕನ ಅಭಿಷೇಕವಾಗಿ ಸುಮಾರು ಹತ್ತು ಹನ್ನೊಂದು ವರ್ಷಗಳಾದ ಬಳಿಕಿನದು. ಅಲ್ಲಿರುವುದು ಕಾಲದ ಲೆಕ್ಕ ಮಾತ್ರ. ಒಳಮಾತಿನ ಸ್ವರೂಪವು ಇನ್ನೂ ಬಿಚ್ಚಿಕೊಂಡಿಲ್ಲ. ಅದು ಬಿಚ್ಚಿಕೊಳ್ಳುವುದು ಇಪ್ಪತ್ತಾರನೆಯ ವರ್ಷದ ಸ್ತಂಭಶಾಸನಗಳಲ್ಲಿ, ಮುಖ್ಯವಾಗಿ ಮೂರನೆಯದರಲ್ಲಿ. ಇವು ಉತ್ತರದೇಶದವು, ನಮ್ಮ ಸೀಮೆಗೆ ಬಂದವಲ್ಲ. ಆದರೂ ಬ್ರಹ್ಮಗಿರಿಯ ಮಾತನ್ನು ಅದೇ ಮನುಷ್ಯನ ಮುಂದಿನ ಮಾತಿನೊಡನೆ ಹೋಲಿಸದಿದ್ದರೆ ವಿಷಯವು ಪೂರ್ಣವಾಗುವುದಿಲ್ಲ.

ಮೂರನೆಯ ಸ್ತಂಭಶಾಸನದ ವಿಚಾರವು ಹೀಗಿದೆ. ಮನುಷ್ಯನು ತಾನು ಮಾಡಿದ ಒಳ್ಳೆಯದನ್ನೇ ಕಾಣುತ್ತಾನೆ. ಈ ಒಳ್ಳೆಯದನ್ನು ಮಾಡಿದೆನೆಂದು ತನ್ನೊಳಗೆ ಹೇಳಿಕೊಳ್ಳುತ್ತಾನೆ. ಪಾಪವನ್ನು ಮಾಡಿದೆನೆಂದು ಕಾಣುವುದೂ ಇಲ್ಲ, ಹೇಳಿಕೊಳ್ಳುವುದೂ ಇಲ್ಲ. ಇದು ‘ದುಪಟಿವೇಖೇ’, ಎಂದರೆ ದುಷ್ಪ್ರತ್ಯವೇಕ್ಷ್ಯ, ಹಿಂದಿರುಗಿ ನೋಡಿಕೊಳ್ಳುವುದಕ್ಕೆ ಕಷ್ಟವಾದುದು. ಆದರೂ ನೋಡಿಕೊಳ್ಳಬೇಕು. ಚಂಡತನ, ನಿಷ್ಠುರತೆ, ಕ್ರೋಧ, ಮಾನ, ಈರ್ಷ್ಯೆ ಇವು ದೋಷದ ಕಡೆಗೆ ಒಯ್ಯತಕ್ಕವು. ಇವುಗಳ ಕಾರಣದಿಂದ ತಾನು ಕೆಟ್ಟುಹೋಗದಿರಲಿ, ಎಂದು ಮನುಷ್ಯನು ಅಂದುಕೊಳ್ಳತಕ್ಕದ್ದು. ಬಳಿಕ, ಇದು ನನಗೆ ಇಹಕ್ಕೆ, ಇದು ನನಗೆ ಪರಕ್ಕೆ, ಎಂದು ಬಾಢವಾಗಿ ನೋಡಿಕೊಳ್ಳತಕ್ಕದ್ದು.

ಯಲ್ಲದಕೆರೆಯ ಪ್ರಶ್ನೆಗೆ ಉತ್ತರವು ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಈ ಚಿಕ್ಕ ಶಾಸನದಲ್ಲಿ ಮನುಷ್ಯನು ತನಗೆ ತಾನು ಹೇಳಿಕೊಳ್ಳುವ ಮಾತುಗಳು ಐದಾರು ಬಾರಿ ‘ಇತಿ’ ಎಂಬುದರ ಪ್ರಾಕೃತರೂಪದೊಡನೆ ಬಂದಿವೆ. ಕೆಲವು ಮನುಷ್ಯನು ಸಹಜವಾಗಿ ಹೇಳಿಕೊಳ್ಳುವುವು, ಕೆಲವು ಹೇಳಿಕೊಳ್ಳಲಾರದೆ ಬಿಡುವುವು, ಕೆಲವು ಹೇಳಿಕೊಳ್ಳಬೇಕಾದುವು. ಒಳಗಿನ ಮಾತು ನಿಲ್ಲಲಿ ಎಂದು ಅಶೋಕನು ಬಯಸಲಿಲ್ಲ. ಒಂದು ಮಾತಿನ ಸ್ಥಾನದಲ್ಲಿ ಮತ್ತೊಂದು ಮಾತನ್ನಿಟ್ಟನು. ಬಂಡೆಯಲ್ಲಿ ಪ್ರಯತ್ನಕ್ಕೆ ಹಚ್ಚಿದ್ದ ‘ಬಾಢ’ವನ್ನು ಹದಿನೈದು ವರ್ಷಗಳ ತರುವಾಯ ನೋಟಕ್ಕೆ ಹಚ್ಚಿದನು. ಬಾಢವಾಗಿ ಹೆಜ್ಜೆಯಿಟ್ಟವನು ಬಾಢವಾಗಿ ನೋಡಿಕೊಳ್ಳುವುದನ್ನು ಕಲಿತನೆಂದು ಈ ಪದದ ಜಾಡಿನಿಂದ ಊಹಿಸಬಹುದಾಗಿದೆ. ಒಂದೇ ಪದದ ಮೇಲೆ ಇಷ್ಟು ಭಾರವನ್ನು ಹೊರಿಸಬಾರದೆನ್ನುವವರೊಡನೆ ನಾನು ವಾದಿಸಲಾರೆ. ಆದರೆ ‘ಪಟಿವೇಖ’ ಎಂಬ ಶಬ್ದವು ನನಗೆ ಇನ್ನೊಂದು ಸಾಕ್ಷಿಯನ್ನು ಒದಗಿಸುತ್ತದೆ. ಬೈರಾಟಿನ ಶಾಸನದಲ್ಲಿ ಅಶೋಕನು ಭಿಕ್ಷುಗಳೂ ಉಪಾಸಕರೂ ಕೇಳಿ ಮನನಮಾಡಬೇಕಾದ ಏಳು ಧರ್ಮಪಾಠಗಳನ್ನು ಹೆಸರಿಸುತ್ತಾನೆ. ಅವುಗಳಲ್ಲಿ ಒಂದು, ಸುಳ್ಳುಮಾತಿನ ವಿಷಯವಾಗಿ ಬುದ್ಧನು ರಾಹುಲನಿಗೆ ಮಾಡಿದ ಉಪದೇಶ. ಮಜ್ಝಿಮನಿಕಾಯದ ಅರುವತ್ತೊಂದನೆಯ ಸೂತ್ರವೇ ಇದೆಂದು ವಿದ್ವಾಂಸರಲ್ಲಿ ಅನೇಕರು ಒಪ್ಪಿರುತ್ತಾರೆ. ಅಲ್ಲಿ ಬುದ್ಧನು, ಕನ್ನಡಿ ಏತಕ್ಕೆ ಇರುವುದೆಂದು ಮಗನನ್ನು ಕೇಳಿ, ನೋಡಿಕೊಳ್ಳುವುದಕ್ಕೆಂದು ಅವನಿಂದ ಹೇಳಿಸಿ, ಹಾಗೆಯೇ ಕಾಯವಾಙ್ಮನಸ್ಸುಗಳ ಕರ್ಮವನ್ನು ಮಾಡುವುದಕ್ಕೆ ಮೊದಲೂ ಮಾಡುವಾಗಲೂ ಮಾಡಿದಮೇಲೂ ಪ್ರತ್ಯವೇಕ್ಷಿಸಬೇಕೆಂದು ತಿಳಿಸುತ್ತಾನೆ. ಆ ಪಾಠದ ಪದವೇ ರಾಜನ ಶಾಸನದಲ್ಲಿಯೂ ಬಂದಿರುವುದು ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ಕಷ್ಟವೆಂಬ ಉಪಸರ್ಗವನ್ನು ಮಾತ್ರ ಅವನು ತನ್ನ ಅನುಭವದಿಂದ ಸೇರಿಸಿರಬೇಕು.

ಇನ್ನು ವ್ಯಾಸಭಾಷ್ಯದ ಮಾತಿಗೆ ಬರೋಣ. ಅದು ಅಶೋಕನಿಗಿಂತ ಹಲವು ಶತಮಾನಗಳ ಈಚಿನದು. ಅಲ್ಲಿಯ ಯೋಗಿಯು, ಸಂಸಾರದ ಕೆಂಡದಲ್ಲಿ ಬೆಂದು ಯೋಗಧರ್ಮವನ್ನು ಶರಣುಹೊಕ್ಕ ತಾನು, ಬಿಟ್ಟ ವಿತರ್ಕಗಳನ್ನು ಮತ್ತೆ ಹಿಡಿದರೆ, ಕಾರಿದುದನ್ನು ನೆಕ್ಕುವ ನಾಯಿಗೆ ಸಮಾನನೆಂದು ಭಾವಿಸುತ್ತಾನೆ. ಇದು ಸಂನ್ಯಾಸಿಗೆ ತಕ್ಕ ತೀಕ್ಷ್ಣವಾದ ಔಷಧ. ಅಶೋಕನ ಮಾತಿನಲ್ಲಿ ಈ ಬೈಗುಳವಿಲ್ಲ. ತಾನು ನೀಚನೆಂದು ಅವನು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಕೆಡದಿರಲೆಂದು ಮಾತ್ರ ಹಾರೈಸಿಕೊಳ್ಳುತ್ತಾನೆ. ಮೂವತ್ತು ವರ್ಷಗಳಿಗೂ ಮೇಲೆ ವಿದ್ಯಾರ್ಥಿಗಳ ನಡುವೆ ಇದ್ದವನಾಗಿ ನಾನು ಈ ಭೇದವನ್ನು ಅಲ್ಪವೆಂದು ಭಾವಿಸಲಾರೆ. ಮನೋನಿಗ್ರಹವೆಂದು ನಾವು ಮಕ್ಕಳಿಗೆ ಹೇಳಿಕೊಟ್ಟುದು ಬಹುಮಟ್ಟಿಗೆ ತಮ್ಮನ್ನು ತಾವು ಬೈದುಕೊಳ್ಳುವ ವಿದ್ಯೆಯಾಗಿ ಪರಿಣಮಿಸಿತು. ಒಮ್ಮೆ ಅಮರಕೋಶದ ಒಂದು ವರ್ಗವನ್ನು ಒಪ್ಪಿಸಲಾರದ ಹುಡುಗನಿಗೆ ನಾನು ಹತ್ತು ಜನರ ಮುಂದೆ ಮಂದಬುದ್ಧಿಯೆಂದು ಹೆಸರಿಟ್ಟೆ. ಆಮೇಲೆ ಅವನು ತಪ್ಪುಮಾಡಿದಾಗಲೆಲ್ಲ ತುಟಿಯೊಳಗೆ ಏನನ್ನೋ ಹೇಳಿಕೊಳ್ಳುತ್ತಿದ್ದನು. ಹತ್ತಿರ ಹೋಗಿ ಕೇಳಿದಾಗ, ಅದು ನಾನಿಟ್ಟ ಹೆಸರೇ ಆಗಿತ್ತು.

ಈ ಪರೀಕ್ಷೆಯನ್ನು ಅಶೋಕನು ತನಗೆ ಮಾತ್ರವಲ್ಲದೆ ಅಧಿಕಾರಿಗಳಿಗೂ ವಿಧಿಸಿದ್ದನೆಂಬುದಕ್ಕೆ ಧೌಲಿ, ಜೌಗಡಗಳ ಪ್ರತ್ಯೇಕ ಶಾಸನಗಳು ಸಾಕ್ಷಿ. ನ್ಯಾಯವಿಚಾರಣೆಯಲ್ಲಿ ನಿರಪರಾಧಿಗೆ ಸೆರೆ, ಹಿಂಸೆಗಳು ಒದಗುವುದಕ್ಕೆ ಕಾರಣವನ್ನು ಅವನು ಅಧಿಕಾರಿಯ ಮನಸ್ಸಿನಲ್ಲಿಯೇ ಹುಡುಕುತ್ತಾನೆ. ಈರ್ಷ್ಯೆ, ಬೇಗನೆ ಕೆರಳುವುದು, ನಿಷ್ಠುರತೆ, ಆತುರ, ಅಭ್ಯಾಸವಿಲ್ಲದಿರುವಿಕೆ, ಆಲಸ್ಯ, ಬಳಲಿಕೆ ಎಂದು ಏಳನ್ನು ಎಣಿಸಿ, ಇವು ತನ್ನಲ್ಲಿ ಉಂಟಾಗದಿರಲೆಂದು ಅಧಿಕಾರಿಯು ಬಯಸಬೇಕೆಂದು ಹೇಳುತ್ತಾನೆ. ಬಳಲಿಕೆಯನ್ನು ಈ ಪಟ್ಟಿಯಲ್ಲಿ ಸೇರಿಸಿದ ಬುದ್ಧಿಯು ಆಶ್ಚರ್ಯಕರವಾದುದು. ನಮ್ಮ ಅರಿಷಡ್ವರ್ಗದಲ್ಲಿ ಬಳಲಿಕೆಗೆ ಎಡೆಯಿಲ್ಲ. ಸಂಜೆಯ ಹೊತ್ತಿಗೆ ಸಿಡುಕುವ ಯಾವ ಉಪಾಧ್ಯಾಯನಾದರೂ ಅದಕ್ಕೆ ಎಡೆಯಿರಬೇಕಿತ್ತೆಂದು ಒಪ್ಪಿಯಾನು. ಈ ಶಾಸನವನ್ನು ತಿಷ್ಯನಕ್ಷತ್ರದ ದಿನಗಳಲ್ಲಿ ಕೇಳಬೇಕು, ನಡುನಡುವೆಯೂ ಕೇಳಬೇಕು, ಒಬ್ಬನೇ ಇದ್ದರೂ ಕೇಳಬೇಕು ಎಂಬ ವಿಧಿಯೂ ಉಂಟು. ಹೊರಗಿನಿಂದ ಮತ್ತೆ ಮತ್ತೆ ಕಿವಿಗೆ ಬಿದ್ದ ಮಾತು ಕಾಲಕ್ರಮದಲ್ಲಿ ಒಳಗಿನ ಮಾತಾಗುವುದೆಂಬ ತಿಳಿವಳಿಕೆಯು ಈ ವಿಧಿಯ ಹಿಂದೆ ಇರಬೇಕು. ಈ ಪ್ರತ್ಯೇಕ ಶಾಸನಗಳು ಕಳಿಂಗಕ್ಕೇ ಮೀಸಲೆಂದು ಬಹುಕಾಲ ನಂಬಲಾಗಿತ್ತು. ೧೯೮೯ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅವುಗಳ ಭಾಗಗಳು ದೊರೆತುದರಿಂದ, ಕನ್ನಡನಾಡಿನ ಅಧಿಕಾರಿಗಳೂ ಇವುಗಳನ್ನು ಕೇಳುತ್ತಿದ್ದರೆಂದು ತಿಳಿಯಲು ಅವಕಾಶವಾಯಿತು.

ಅಶೋಕನ ತರುವಾಯ ಈ ನಾಡಿನಲ್ಲಿ ಒಳಮಾತಿನ ರೀತಿಯು ಬದಲಾದುದನ್ನು ಎರಡು ಘಟ್ಟಗಳಲ್ಲಿ ಮಾತ್ರ ಸೂಚಿಸುತ್ತೇನೆ. ಮೊದಲನೆಯದು ಜೈನರದು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಭಗವತೀ ಆರಾಧನೆಯ ಗಾಹೆಗಳಿಗೆ ನಿದರ್ಶನವಾಗಿ ಹೇಳಿದುವು. ಆ ಗಾಹೆಗಳು ಬರುವ ಪ್ರಕರಣಕ್ಕೆ ಕವಚವೆಂದು ಹೆಸರು. ಸಲ್ಲೇಖನವನ್ನು ಕೈಕೊಂಡ ಕ್ಷಪಕನಿಗೆ ವೇದನೆಯಿಂದ ಮನಸ್ಸು ಕದಡಿದಾಗ, ಬಳಿಯಿರುವ ನಿರ್ಯಾಪಕಾಚಾರ್ಯನು ಉಪಸರ್ಗಗಳನ್ನು ಸೈರಿಸಿದ ಹಿಂದಿನವರನ್ನು ನೆನಪಿಗೆ ತಂದು ಧೈರ್ಯ ಹೇಳುತ್ತಾನೆ. ಇಲ್ಲಿ ಮನುಷ್ಯನಿಗೆ ತನ್ನ ಒಳಮಾತು ಸಾಲದಾದಾಗ ಮತ್ತೊಬ್ಬನ ದನಿಯು ಕವಚವಾಗಿ ಬರುತ್ತದೆ. ೯೭೪ರಲ್ಲಿ ಗಂಗರ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಶಾಸನವು ತಿಳಿಸುವಾಗ, ಗುರುವಿನ ಹೆಸರನ್ನು ಹೇಳುವುದು ಬರಿಯ ಉಪಚಾರವಲ್ಲ. ಕೊನೆಯ ಘಳಿಗೆಯಲ್ಲಿ ಯಾರ ಮಾತು ಅರಸನ ಬಳಿಯಿತ್ತೆಂಬುದರ ದಾಖಲೆ ಅದು.

ಎರಡನೆಯದು ವಚನಕಾರರಿಂದ ಹರಿದಾಸರವರೆಗಿನದು. ಇಲ್ಲಿ ಮನಸ್ಸೆಂಬುದು ಎದುರಿಗೆ ಕುಳಿತ ಪ್ರತಿವಾದಿಯಾಗುತ್ತದೆ. ಅದನ್ನು ಸಂಬೋಧಿಸಿ ಕೇಳುವುದು, ದೂರುವುದು, ಅಂಗಲಾಚುವುದು ಕನ್ನಡದ ಒಂದು ಪದ್ಧತಿಯೇ ಆಗಿಹೋಯಿತು. ಅಶೋಕನಲ್ಲಿ ‘ನಾನು’ ಎಂದಿದ್ದುದು ಇವರಲ್ಲಿ ‘ನೀನು’ ಎಂದಾಯಿತು. ೧೯೪೩ರಲ್ಲಿ ಹೊರಬಂದ ಡಿ. ವಿ. ಗುಂಡಪ್ಪನವರ ಮಂಕುತಿಮ್ಮನ ಕಗ್ಗದಲ್ಲಿ ಕವಿಯು ತನಗೊಂದು ಹೆಸರನ್ನೇ ಇಟ್ಟುಕೊಂಡು ಕರೆದುಕೊಂಡುದು ಈ ಪದ್ಧತಿಯ ಈಚಿನ ಕೊನರು. ತನ್ನನ್ನು ಹೀಗೆ ಹೆಸರಿನಿಂದಲೋ ಮಧ್ಯಮಪುರುಷದಿಂದಲೋ ಕರೆದುಕೊಳ್ಳುವವನು ಕಳವಳದ ಸಮಯದಲ್ಲಿ ಹೆಚ್ಚು ಸಮಾಧಾನದಿಂದ ವರ್ತಿಸುವನೆಂದು ಅಮೆರಿಕದ ಈಥನ್ ಕ್ರಾಸ್ ಮೊದಲಾದ ಮನಶ್ಶಾಸ್ತ್ರಜ್ಞರು ೨೦೧೪ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಮಂಕ ಎಂಬ ಹೆಸರೂ ಮಂದಬುದ್ಧಿ ಎಂಬ ಹೆಸರೂ ಅರ್ಥದಲ್ಲಿ ದೂರದವಲ್ಲ. ಒಂದು ತಾನಾಗಿ ನಗುತ್ತ ಇಟ್ಟುಕೊಂಡುದು, ಮತ್ತೊಂದು ಗುರುವಿನ ಕೋಪದಿಂದ ಬಂದುದು.

ಬ್ರಹ್ಮಗಿರಿಯ ವಿಷಯದಲ್ಲಿ ಹೇಳಬೇಕಾದುದು ಇನ್ನೊಂದಿದೆ. ಶಾಸನದ ಎರಡನೆಯ ಭಾಗದಲ್ಲಿ ತಾಯಿತಂದೆಗಳ ಶುಶ್ರೂಷೆ, ಪ್ರಾಣಿಗಳಲ್ಲಿ ಆದರ, ಸತ್ಯವಚನ, ಶಿಷ್ಯನು ಆಚಾರ್ಯನಲ್ಲಿ ತೋರಬೇಕಾದ ಗೌರವ, ನೆಂಟರಲ್ಲಿ ಯಥೋಚಿತವಾದ ನಡತೆ ಇವುಗಳನ್ನು ಹೇಳಿ, ಇದು ‘ಪೋರಾಣಾ ಪಕಿತಿ’, ಪುರಾತನವಾದ ಪ್ರಕೃತಿಯೆಂದು ಮುಗಿಸಲಾಗಿದೆ. ನಮ್ಮ ಪಠ್ಯಪುಸ್ತಕಗಳು ಈ ಭಾಗವನ್ನು ಉದಾಹರಿಸುವುದೇ ಹೆಚ್ಚು. ಮೊದಲನೆಯ ಭಾಗವನ್ನು ಬಿಟ್ಟುಬಿಡುತ್ತವೆ. ಆಚಾರ್ಯನಿಗೆ ಗೌರವ ಸಲ್ಲಬೇಕೆಂಬುದು ಆಚಾರ್ಯರಾದ ನಮಗೆ ಅನುಕೂಲವಾದ ವಾಕ್ಯ. ಅದಕ್ಕೆ ಮೇಲಣ ಪಂಕ್ತಿಗಳಲ್ಲಿ ಆಜ್ಞೆಮಾಡುವವನು ತನ್ನ ಲೆಕ್ಕವನ್ನು ಮೊದಲು ಒಪ್ಪಿಸಿದ್ದಾನೆಂಬುದನ್ನು ತರಗತಿಯಲ್ಲಿ ಓದಿ ಹೇಳುವವರು ವಿರಳ. ಎರಡು ಭಾಗಗಳನ್ನೂ ಕೂಡಿಸಿಯೇ ಪಾಠಹೇಳಬೇಕೆಂದು ಅಧ್ಯಾಪಕಬಂಧುಗಳಲ್ಲಿ ನನ್ನ ಬಿನ್ನಪ.

ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ. ಅವನು ಚಪಡನೆಂಬವನು. ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬ ತನ್ನ ವೃತ್ತಿಯನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದೇಶದ ಆ ಲಿಪಿಯನ್ನು ಬಲ್ಲ ಬರೆಹಗಾರನೊಬ್ಬನು ಈ ಬೆಟ್ಟಗಳ ನಡುವೆ ಕುಳಿತು, ಪಾಟಲಿಪುತ್ರದ ಅರಸನು ಒಂದು ವರ್ಷ ಮಂದನಾಗಿದ್ದನೆಂಬ ಮಾತನ್ನು ಅಕ್ಷರಗುಂಡಿನ ಮೇಲೆ ಒಂದು ಸಾರಿ, ಸಿದ್ದಾಪುರದಲ್ಲಿ ಒಂದು ಸಾರಿ, ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಒಂದು ಸಾರಿ, ಹೀಗೆ ಮೂರು ಸಾರಿ ಬರೆದನು. ಮೂರನೆಯ ಪ್ರತಿಯು ಬಹಳ ಸವೆದುಹೋಗಿದೆ.